ಏಳನೇ ಕೋಣೆಯ ಗಾಳಿ

ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಗಾಳಿಯವನು’ ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇವನೇನು ಮೈಮೇಲೆ ಬಂದ ಗಾಳಿ ಬಿಡಿಸುವವನೋ ಎಂದು ಓರೆಗಣ್ಣಲ್ಲಿ ನೋಡುತ್ತಾರೆ. ಮಕ್ಕಳ ಕಸಿ ವಾರ್ಡಿನ ಎಂಟು ಕೋಣೆಗಳಿಗೆ ತಾರಸಿಯ ಮೇಲಿನ ಎಂಟು ಫ್ಯಾನುಗಳಿಂದ ಸೋಸಿದ ಗಾಳಿ ಹೋಗುತ್ತದೆ. ಅದು ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ನೋಡಿಕೊಂಡೆ.

ಆ ಕೋಣೆಗಳಲ್ಲಿ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕೊಂಚ ಹೆಚ್ಚಿರಬೇಕು. ಬಾಗಿಲು ತೆರೆದರೆ ಒಳಗಿನ ಗಾಳಿ ಹೊರಗೆ ನುಗ್ಗಬೇಕು, ಹೊರಗಿನದು ಒಳಗೆ ಕಾಲಿಡಕೂಡದು. ಹೊರಗಿನ ಗಾಳಿಯಲ್ಲಿ ಬೂಷ್ಟಿನ ಪುಡಿ ಇರುತ್ತದೆ. ಹಳಸಿದ ಬ್ರೆಡ್ಡಿನ ಮೇಲೆ, ಒದ್ದೆ ಗೋಡೆಯ ಮೇಲೆ ಹಸುರಾಗಿ ಹಬ್ಬುತ್ತದಲ್ಲ, ಅದೇ. ನೀವೂ ನಾನೂ ದಿನವೂ ಅದನ್ನು ಉಸಿರಾಡುತ್ತೇವೆ, ನಮಗೆ ಸೀನೂ ಬರುವುದಿಲ್ಲ. ಕಸಿಯ ಮಗುವಿನ ಕತೆ ಬೇರೆ. ಔಷಧಿ ಹಾಕಿ ಅದರ ಹಳೆಯ ರಕ್ತವನ್ನು ಬೇರುಸಹಿತ ಸುಟ್ಟು, ಇನ್ನೊಬ್ಬರ ಮೂಳೆಯ ಮಜ್ಜೆಯಿಂದ ಆಕರಕೋಶ, ಅಂದರೆ ರಕ್ತದ ಬೀಜ, ಕೊಟ್ಟು, ಹೊಸ ರಕ್ತ ಚಿಗುರಲಿ ಎಂದು ಕಾಯುತ್ತಾರೆ. ಆ ಎರಡು ಮೂರು ವಾರ ಮಗುವಿನ ಮೈಯಲ್ಲಿ ಕಾವಲಿನವರು ಯಾರೂ ಇರುವುದಿಲ್ಲ. ಆಗ ಆ ಪುಡಿ ಎದೆಯೊಳಗೆ ಹೋಯಿತೋ, ಅಲ್ಲೇ ಮೊಳೆತು ಬೇರು ಬಿಡುತ್ತದೆ.

ಪ್ರತಿ ಬಾಗಿಲ ಪಕ್ಕ ಒತ್ತಡ ತೋರಿಸುವ ಒಂದು ಮುಳ್ಳಿನ ಮೀಟರು, ಒತ್ತಡ ಇಳಿದರೆ ಬಡಿದುಕೊಳ್ಳುವ ಒಂದು ಬಜರು ಇವೆ. ಇವೆರಡರ ಜೊತೆಗೆ ನನ್ನದೊಂದು ಹಳೆಯ ರೂಢಿ. ಬೆರಳಗಲದ ತೆಳು ಕಾಗದದ ಪಟ್ಟಿಯನ್ನು ಬಾಗಿಲ ಕೆಳಗಿನ ಸಂದಿಗೆ ಹಿಡಿಯುವುದು. ಪಟ್ಟಿ ನನ್ನ ಕಡೆಗೆ ಹಾರಿದರೆ ಸರಿ. ನನಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ, “ಮೀಟರು ನೋಡು, ಬಜರು ಕೇಳು, ಆದ್ರೆ ನಂಬೋದು ಮಾತ್ರ ಕಾಗದಾನ.” ಎಂಜಿನಿಯರ್ ಸಾಹೇಬರಿಗೆ ಇದು ತಮಾಷೆ. ಅವರು ನಕ್ಕರೆ ನಗಲಿ ಎಂದು ನಾನು ದಿನಕ್ಕೆ ಮೂರು ಸಲ ಎಂಟು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ.

ಏಳನೇ ಕೋಣೆಗೆ ಆರು ವರ್ಷದ ಹುಡುಗಿ ಬಂದಳು. ಬಸ್ಸು ಓಡಿಸುವ ಅಪ್ಪನೇ ಆಕರಕೋಶ ಕೊಡುವವನು. ಅಮ್ಮ ಮಗಳ ಜೊತೆ ಒಳಗೆ, ಅಪ್ಪನ ತಾಯಿ ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ. ಅಜ್ಜಿಯನ್ನು ಒಳಗೆ ಬಿಡುವುದಿಲ್ಲ. ಗಾಜಿನಾಚೆಯಿಂದ ಮೊಮ್ಮಗಳನ್ನು ನೋಡಿ, ಫೋನಿನಲ್ಲಿ ಸೊಸೆಗೆ ಆಜ್ಞೆ ಮಾಡುವುದೇ ಅವರ ದಿನಚರಿ.

ಮೊದಲ ಬೆಳಿಗ್ಗೆ ನಾನು ಬಾಗಿಲ ಬುಡದಲ್ಲಿ ಕೂತು ಪಟ್ಟಿ ಹಿಡಿದಾಗ ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಮಾತು ಕೇಳಿಸಲು ಬಾಗಿಲಲ್ಲೊಂದು ಸ್ಪೀಕರ್ ಉಂಟು.

“ಏನ್ ಮಾಡ್ತಿದ್ದೀಯ?”

“ನಿನ್ನ ಉಸಿರು ಎಷ್ಟು ಜೋರು ಅಂತ ಅಳೀತಿದ್ದೀನಿ. ಊದು ನೋಡೋಣ.”

ಅವಳು ಕೆನ್ನೆ ಉಬ್ಬಿಸಿ ಗಾಜಿಗೆ ಊದಿದಳು. ಪಟ್ಟಿ ಪಟಪಟ ಹಾರಿತು. ಫ್ಯಾನಿನ ಗಾಳಿಗೆ ಅದು ಹೇಗೂ ಹಾರುತ್ತಿತ್ತು.

“ಅಯ್ಯೋ ಮಾರಾಯ್ತಿ, ನನ್ನ ಕೈಯೇ ಕಿತ್ತುಹೋಗುತ್ತೆ! ಇದೇನು ಉಸಿರೋ, ಪೀಪಿಯೋ?”

ಅಂದಿನಿಂದ ಅವಳು ಪೀಪಿ, ನಾನು ಗಾಳಿ ಮಾಮ. ಬೆಳಿಗ್ಗೆ ಏಳಕ್ಕೆ ಪೀಪಿ ಊದುವುದು, ಪಟ್ಟಿ ಹಾರುವುದು, ನಾನು ಬಿದ್ದಂತೆ ನಟಿಸುವುದು. ಐವತ್ತು ದಾಟಿದ ಗಂಡಸು ಆಸ್ಪತ್ರೆಯ ಮೊಗಸಾಲೆಯಲ್ಲಿ ಅಂಗಾತ ಬೀಳುವುದನ್ನು ನೋಡಿ ನರ್ಸುಗಳು ಮುಸಿಮುಸಿ ನಗುತ್ತಿದ್ದರು. ನನಗೆ ಮಕ್ಕಳಿಲ್ಲ. ಆ ಆಟ ನನಗೆ ಅವಳಿಗಿಂತ ಹೆಚ್ಚು ಬೇಕಿತ್ತು.

ಕಸಿಯ ದಿನವನ್ನು ಅಲ್ಲಿ ಸೊನ್ನೆ ದಿನ ಎನ್ನುತ್ತಾರೆ, ಲೆಕ್ಕ ಅಲ್ಲಿಂದ ಶುರು. ನಾಲ್ಕನೇ ದಿನದ ಹೊತ್ತಿಗೆ ಔಷಧಿಯ ಉರಿಗೆ ಪೀಪಿಯ ಬಾಯಿಯೆಲ್ಲ ಹುಣ್ಣಾಗಿತ್ತು. ಉಗುಳು ನುಂಗಲೂ ಆಗದೆ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನಿದ್ದೆ ಇಲ್ಲ. ಕಣ್ಣು ಹತ್ತಿದರೆ ಸಾಕು, ರಕ್ತ ತೆಗೆಯಲು, ಔಷಧಿ ಏರಿಸಲು, ನೆಲ ಒರೆಸಲು ಯಾರಾದರೂ ಬಾಗಿಲು ತೆರೆಯುತ್ತಿದ್ದರು. ತೆರೆದ ಬಾಗಿಲು ಸ್ವಲ್ಪ ಹೊತ್ತು ಮುಚ್ಚದಿದ್ದರೂ ಒತ್ತಡ ಇಳಿದು ಬಜರು ಕಿರುಚುತ್ತಿತ್ತು. ಮಗು ಬೆಚ್ಚಿ ಎದ್ದು ಅಳುತ್ತಿತ್ತು, ಅತ್ತರೆ ಹುಣ್ಣು ಒಡೆಯುತ್ತಿತ್ತು.

ಅಂದು ಮಧ್ಯಾಹ್ನ ಅಮ್ಮ ಸ್ಪೀಕರಿನ ಹತ್ತಿರ ಬಂದಳು. ಕಣ್ಣು ಗುಳಿಬಿದ್ದಿತ್ತು.

“ಅಣ್ಣಾ, ನಿಮ್ಮ ದಮ್ಮಯ್ಯ ಅಂತೀನಿ. ಆ ಕಿರುಚೋದೊಂದನ್ನ ಸುಮ್ಮನಿರ್ಸಿ.”

“ಅದು ಕಿರುಚ್ತಿದ್ರೇನೇ ಒಳ್ಳೇದಮ್ಮ.”

“ಐದು ದಿನ ಆಯ್ತಣ್ಣ ಅವಳು ಮಲಗಿ. ಒಂದೇ ಒಂದು ಗಂಟೆ ಮಲಗ್ಲಿ.”

ಆಗಲ್ಲ ಎನ್ನಬೇಕಿತ್ತು. ಅದಕ್ಕೇ ನನಗೆ ಸಂಬಳ. ಆದರೆ ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದವನಿಗೆ ಒಂದು ಕೊಬ್ಬು ಬಂದಿರುತ್ತದೆ, ಯಂತ್ರಕ್ಕಿಂತ ನನಗೆ ಹೆಚ್ಚು ಗೊತ್ತು ಅಂತ. ದಿನಕ್ಕೆ ಮೂರು ಸಲ ಕಾಗದ ಹಿಡಿಯುವ ನಾನಿರುವಾಗ ಬಜರು ಯಾಕೆ ಎಂದುಕೊಂಡೆ. ಡಬ್ಬಿ ಬಿಚ್ಚಿ ಬಜರಿನ ತಂತಿ ಎಳೆದು, ತುದಿಗೆ ಕಪ್ಪು ಟೇಪು ಸುತ್ತಿ ಮುಚ್ಚಿದೆ. ಎರಡು ನಿಮಿಷದ ಕೆಲಸ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆದರೆ ಎಂಜಿನಿಯರ್ ಸಹಿ ಬೇಕು, ಅವರು ಒಪ್ಪುವವರಲ್ಲ.

ಅಂದು ಪೀಪಿ ನಾಲ್ಕು ಗಂಟೆ ಮಲಗಿದಳು. ಅಮ್ಮ ಗಾಜಿನಾಚೆಯಿಂದ ನನಗೆ ಕೈಮುಗಿದಳು. ಸುಳ್ಳೇಕೆ ಹೇಳಲಿ, ನನಗೆ ಎದೆ ಉಬ್ಬಿತು. ನರ್ಸುಗಳಿಗೂ ಬಜರು ನಿಂತದ್ದು ತಿಳಿದಿರಬೇಕು, ಆದರೆ ಅವರ ಕಿವಿಗೂ ಹಿತವಾಗಿತ್ತು, ಯಾರೂ ಬಾಯಿ ಬಿಡಲಿಲ್ಲ.

ಎಂಟನೇ ದಿನ ಬೆಳಿಗ್ಗೆ ನನಗೆ ಮೂಗು ಸೋರಿ ಮೈ ಬಿಸಿಯಾಗಿತ್ತು. ನೆಗಡಿ ಬಂದವರು ಆ ವಾರ್ಡಿನ ಹತ್ತಿರ ಸುಳಿಯುವಂತಿಲ್ಲ. ಎಂಜಿನಿಯರಿಗೆ ಫೋನು ಮಾಡಿದೆ. ಅವರು ಬಾಯ್ಲರ್ ಮನೆಯಿಂದ ಒಬ್ಬನನ್ನು ನನ್ನ ಬದಲಿಗೆ ಕಳಿಸುತ್ತೇನೆ ಎಂದರು. ಏಳನೇ ಕೋಣೆಯ ತಂತಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಬೈಗುಳ, ವಿವರಣೆ, ಪತ್ರ. ಮೂರು ದಿನ ತಾನೇ ಎಂದು ನುಂಗಿಕೊಂಡು ಮುಸುಕು ಹೊದ್ದು ಮಲಗಿದೆ.

ಆ ಮೂರು ದಿನದಲ್ಲಿ ಏನಾಯಿತೆಂದು ಆಮೇಲೆ ರಿಜಿಸ್ಟರಿನಲ್ಲಿ ಓದಿದೆ. ಮೊದಲ ದಿನವೇ ಏಳನೇ ಫ್ಯಾನಿನ ಬೆಲ್ಟು ಸಡಿಲಾಗಿ ಜಾರಿತ್ತು. ಮುಳ್ಳು ಸೊನ್ನೆಗೆ ಬಿದ್ದಿತ್ತು. ಬದಲಿಯವನು ಹೋದ ಪುಟ್ಟ ಬಂದ ಪುಟ್ಟ ಅನ್ನುವ ಜಾತಿಯವನಲ್ಲ, ಪಾಪ, ಮೂರು ದಿನವೂ ಸರಿಯಾದ ಹೊತ್ತಿಗೆ ಬಂದು ನೋಡಿದ್ದಾನೆ. ಮುಳ್ಳು ಸೊನ್ನೆಯಲ್ಲಿದೆ, ಆದರೆ ಬಜರು ಸುಮ್ಮನಿದೆ. ಒತ್ತಡ ನಿಜಕ್ಕೂ ಇಳಿದಿದ್ದರೆ ಬಜರು ಬಡಿದುಕೊಳ್ಳಬೇಕಿತ್ತು. ಹಾಗಾದರೆ ಕೆಟ್ಟಿರುವುದು ಮೀಟರೇ ಎಂದು ಯೋಚಿಸಿ ದುಂಡು ಅಕ್ಷರದಲ್ಲಿ ಬರೆದಿದ್ದ: ‘ಕೋಣೆ ಏಳು. ಮೀಟರ್ ಕೆಟ್ಟಿದೆ. ಬದಲಾಯಿಸುವುದು.’ ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಅದೇ ಮೂರು ದಿನ ಕೆಳಗಿನ ಮಹಡಿಯಲ್ಲಿ ಹೊಸ ಸ್ಕ್ಯಾನ್ ಯಂತ್ರಕ್ಕಾಗಿ ಹಳೆಯ ಗೋಡೆ ಒಡೆಯುತ್ತಿದ್ದರು. ಪ್ಲಾಸ್ಟಿಕ್ ಪರದೆ ಕಟ್ಟಿದ್ದರು, ನಿಜ. ಧೂಳಿಗೆ ಪರದೆಯ ಮರ್ಯಾದೆ ಗೊತ್ತಿಲ್ಲ.

ಹನ್ನೊಂದನೇ ದಿನ ವಾಪಸು ಬಂದೆ. ಒಂದರಿಂದ ಆರರವರೆಗೆ ಪಟ್ಟಿ ಹಾರಿತು. ಏಳರಲ್ಲಿ ಪಟ್ಟಿ ನನ್ನ ಬೆರಳಿನಿಂದ ಬಾಗಿ ಬಾಗಿಲ ಕೆಳಗೆ, ಒಳಕ್ಕೆ ಎಳೆದುಕೊಂಡು ಹೋಯಿತು. ಕೈ ಅದುರಿರಬೇಕೆಂದು ಇನ್ನೊಮ್ಮೆ ಹಿಡಿದೆ. ಇನ್ನೊಮ್ಮೆಯೂ ಒಳಕ್ಕೇ ಹೋಯಿತು.

ಪೀಪಿ ಹಾಸಿಗೆಯಲ್ಲೇ ಇದ್ದಳು. ತಲೆ ಬೋಳಾಗಿ ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು.

“ಮಾಮ, ಆ ಇನ್ನೊಬ್ಬ ಮಾಮಂಗೆ ಕಾಗದ ಹಿಡಿಯೋಕೇ ಬರಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ಇವತ್ತು ನಾನು ಊದಿದೆ. ಹಾರ್ಲಿಲ್ಲ ಅಲ್ವಾ?”

ನಾನು ಆಗಲೇ ಎದ್ದಿದ್ದೆ. ಮೆಟ್ಟಿಲು ಎರಡೆರಡು ಹಾರಿ ತಾರಸಿಗೆ ಓಡಿದೆ. ಬೆಲ್ಟು ಜೋತುಬಿದ್ದಿತ್ತು. ಹೊಸದು ಹಾಕಿ ಬಂದು, ಯಾರೂ ನೋಡದಂತೆ ಡಬ್ಬಿ ಬಿಚ್ಚಿ ತಂತಿ ಮತ್ತೆ ಸೇರಿಸಿದೆ. ಆಮೇಲೆ ದೊಡ್ಡ ಸಿಸ್ಟರ್ ಹತ್ತಿರ ಹೋಗಿ ಬೆಲ್ಟು ಜಾರಿತ್ತು ಎಂದೆ. ತಂತಿಯ ಮಾತು ಎತ್ತಲಿಲ್ಲ.

ತಕ್ಷಣ ಮಗುವನ್ನು ಮೂರನೇ ಕೋಣೆಗೆ ಸಾಗಿಸಿದರು. ಹಾಸಿಗೆ ಎತ್ತುವಾಗ ಹೊದಿಕೆಯ ಕೆಳಗಿಂದ ಅಂಗೈಯಗಲದ ಹಳೆಯ ಹತ್ತಿಯ ದಿಂಬು ಬಿತ್ತು. ತೊಟ್ಟಿಲಿನಿಂದ ಜೊತೆಗಿದ್ದ ದಿಂಬಂತೆ, ಅದಿಲ್ಲದೆ ಮಗು ಮಲಗುವುದಿಲ್ಲವಂತೆ. ಮನೆಯ ದಿಂಬು ಆ ವಾರ್ಡಿಗೆ ಕೂಡದು. ಅಮ್ಮ ಕದ್ದು ತಂದಿದ್ದಳು. ದೊಡ್ಡ ಸಿಸ್ಟರ್ ಮೊಗಸಾಲೆಯಲ್ಲೇ ಅವಳಿಗೆ ಉಗಿದು ಉಪ್ಪಿನಕಾಯಿ ಹಾಕಿದರು, ಬೆಂಚಿನಲ್ಲಿದ್ದ ಅಜ್ಜಿ ಅಷ್ಟನ್ನೂ ಕೇಳಿಸಿಕೊಂಡರು. ಸಿಸ್ಟರ್ ದಿಂಬನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಮನೆಗೆ ಒಯ್ಯಿರಿ ಎಂದು ಅಜ್ಜಿಯ ಕೈಗೆ ಕೊಟ್ಟರು.

ಖಾಲಿಯಾದ ಏಳನೇ ಕೋಣೆಯಲ್ಲಿ ನಾನು ಪರೀಕ್ಷೆಯ ತಟ್ಟೆ ಇಟ್ಟೆ. ಚಿಕ್ಕ ಮುಚ್ಚಳದ ತಟ್ಟೆ, ಒಳಗೆ ಒಂದು ಬಗೆಯ ಅಂಟು. ತೆರೆದಿಟ್ಟರೆ ಗಾಳಿಯಲ್ಲಿದ್ದದ್ದು ಬಂದು ಕೂರುತ್ತದೆ, ಲ್ಯಾಬಿನಲ್ಲಿ ಬೆಚ್ಚಗಿಟ್ಟರೆ ಐದು ದಿನಕ್ಕೆ ಮೊಳೆಯುತ್ತದೆ. ಐದನೇ ದಿನ ತಟ್ಟೆಯಲ್ಲಿ ಬೂದುಹಸುರಿನ ಎರಡು ಚುಕ್ಕೆಗಳಿದ್ದವು. ವೈದ್ಯರು ಕೂಡಲೇ ಬೂಷ್ಟು ತಡೆಯುವ ಔಷಧಿ ಬದಲಿಸಿ ಇನ್ನೂ ಬಲವಾದದ್ದು ಶುರು ಮಾಡಿದರು. ಅವರು ಕೈಲಾದದ್ದೆಲ್ಲ ಮಾಡಿದರು, ಆ ಮಾತು ಹೇಳಲೇಬೇಕು.

ಇಪ್ಪತ್ತನೇ ದಿನ ಜ್ವರ. ಮರುದಿನ ಎದೆಯ ಬಲಗಡೆ ನೋವು, ಒಣ ಕೆಮ್ಮು. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಮೂರು ಉಂಡೆ ಕಂಡವು. ಅದೇ ವಾರ ಅಪ್ಪನ ರಕ್ತ ಮಗಳ ಮೂಳೆಯಲ್ಲಿ ಚಿಗುರಿತು. ಬಿಳಿ ಕಣದ ಸಂಖ್ಯೆ ದಿನದಿನಕ್ಕೆ ಏರುತ್ತಿತ್ತು. ಕಸಿ ಗೆದ್ದಿತ್ತು. ಹೊಸ ಕಣಗಳು ಕಾವಲಿಗೆ ಬಂದು ಬೂಷ್ಟಿನ ಮೇಲೆ ಬಿದ್ದಾಗಲೇ ಉಂಡೆ ಒಡೆದು ರಕ್ತ ಬರುವ ಭಯ ಹೆಚ್ಚು ಎಂದು ವೈದ್ಯರು ಹೇಳಿದರು, ಹಾಗೆಯೇ ಆಯಿತು. ಮೂವತ್ತಮೂರನೇ ದಿನ ಬೆಳಿಗ್ಗೆ ಪೀಪಿ ಕೆಮ್ಮಿದಳು, ಕೆಮ್ಮು ನಿಲ್ಲಲಿಲ್ಲ. ಹತ್ತು ಗಂಟೆಗೆ ಮೂರನೇ ಕೋಣೆಯ ಬಾಗಿಲು ಹಾರುಹೊಡೆದು ತೆರೆದಿತ್ತು, ಬಜರು ಕಿರುಚುತ್ತಿತ್ತು, ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಾನು ಮೊಗಸಾಲೆಯ ಗೋಡೆಗೆ ಒರಗಿ ನಿಂತಿದ್ದೆ.

ಮಗಳು ಹೋದ ಮೇಲೆ, ಆ ಬೂಷ್ಟು ಎಲ್ಲಿಂದ ಬಂತು ಎಂದು ಅಪ್ಪ ಕೇಳಿದ. ವೈದ್ಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಗಾಳಿಯಿಂದ ಬಂದಿರಬಹುದು, ಫ್ಯಾನಿನಲ್ಲಿ ಸಣ್ಣ ದೋಷ ಇತ್ತು, ಬೇರೆ ಕಡೆಯಿಂದಲೂ ಬಂದಿರಬಹುದು, ಖಚಿತವಾಗಿ ಹೇಳಲಾಗದು. ಅಜ್ಜಿಗೆ ಖಚಿತ ಬೇಕಿತ್ತು. ಎಲ್ಲರೆದುರು ಸೊಸೆಯ ಕಡೆ ಕೈ ತೋರಿಸಿ ಹೇಳಿದರು, “ಬೇರೆ ಕಡೆ ಎಲ್ಲಿಂದ? ಇವಳ ದಿಂಬಿನಿಂದ. ಡಾಕ್ಟ್ರು ಬೇಡ ಅಂದಿದ್ದನ್ನ ಕದ್ದು ಒಯ್ದು ನನ್ನ ಮೊಮ್ಮಗಳನ್ನ ತಿಂದುಕೊಂಡ್ಳು.” ಸೊಸೆ ತಲೆ ಎತ್ತಲಿಲ್ಲ. ಅವಳು ನಂಬಿದ್ದಳು ಎಂದು ಆ ತಗ್ಗಿದ ಕತ್ತು ನೋಡಿಯೇ ನನಗೆ ತಿಳಿಯಿತು.

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ತೆರೆಯಲಿಲ್ಲ. ವಿಚಾರಣೆಯಲ್ಲಿಯೂ ತೆರೆಯಲಿಲ್ಲ. ಬಜರು ಯಾಕೆ ಬಡಿಯಲಿಲ್ಲ ಎಂದು ಕೇಳಿದರು. ಬದಲಿಯವನು “ಮೂರು ದಿನಾನೂ ಶಬ್ದ ಬರ್ಲಿಲ್ಲ ಸಾರ್, ಅಮ್ಮನಾಣೆ” ಎಂದ. ಎಂಜಿನಿಯರ್ ಪರೀಕ್ಷೆಯ ಗುಂಡಿ ಒತ್ತಿದರು, ಬಜರು ಕಟ್ಟಡ ಹಾರುವಂತೆ ಬಡಿಯಿತು. ಎಲ್ಲರೂ ಅವನ ಮುಖ ನೋಡಿದರು. ಅವನ ಮೇಲೆ ನಿರ್ಲಕ್ಷ್ಯ ಎಂದು ಬರೆದು ಬಾಯ್ಲರ್ ಮನೆಗೆ ವಾಪಸು ಕಳಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಹೆಗಲು ಕೂಡ ಮುಟ್ಟಿಕೊಳ್ಳದೆ ಕೈಕಟ್ಟಿ ನಿಂತಿದ್ದ ಕಳ್ಳ.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಾರಸಿಯ ಫ್ಯಾನು ಕೋಣೆಯಲ್ಲಿ ಬೆಲ್ಟುಗಳಿಗೆ ಬೆರಳೊತ್ತಿ ಬಿಗಿ ನೋಡುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಪೀಪಿಯ ಅಮ್ಮ. ಐದು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ, ಬಾಯಿಗೆ ಬಿಗಿಯಾಗಿ ಮೂರು ಗಂಟು.

“ಅಣ್ಣಾ, ನೀವು ತಟ್ಟೆ ಇಟ್ಟು ಬೂಷ್ಟು ಇದೆಯಾ ಇಲ್ವಾ ನೋಡ್ತೀರಲ್ಲ.”

“ಹೌದಮ್ಮ.”

“ಇದನ್ನ ನೋಡಿ ಹೇಳಿ. ಅತ್ತೆ ಕೆಳಗೆ ಅಂಗಳದಲ್ಲಿ ಕೂತಿದ್ದಾರೆ. ಮನೇಲಿ ದಿನಾ ಇದೇ ಮಾತು. ನಮ್ಮ ಯಜಮಾನ್ರು ನನ್ನ ಹತ್ರ ಮಾತು ಬಿಟ್ಟು ತಿಂಗಳಾಯ್ತು. ಇದ್ರಲ್ಲಿ ಇತ್ತು ಅಂತಾದ್ರೆ ಇತ್ತು ಅಂತ ಹೇಳ್ಬಿಡಿ, ನಾನು ತಡ್ಕೋತೀನಿ. ಗೊತ್ತಿಲ್ಲದೆ ಇರೋದು ಮಾತ್ರ ಆಗ್ತಿಲ್ಲ.”

ಚೀಲವನ್ನು ಎರಡು ಬೆರಳಲ್ಲಿ ದೂರ ಹಿಡಿದು ಚಾಚಿದಳು, ಹಾವು ಹಿಡಿದವರ ಹಾಗೆ.

ನಾನು ಕೈ ಚಾಚಲಿಲ್ಲ. ಆ ದಿಂಬಿನ ಚೂರು ತಟ್ಟೆಗೆ ಹಾಕಿದರೆ ಐದು ದಿನದಲ್ಲಿ ಬೂಷ್ಟು ಬಂದೇ ಬರುತ್ತದೆ. ನನ್ನ ಮನೆಯ ದಿಂಬು ಹಾಕಿದರೂ ಬರುತ್ತದೆ, ವೈದ್ಯರ ಮನೆಯದು ಹಾಕಿದರೂ ಬರುತ್ತದೆ. ಜಗತ್ತಿನಲ್ಲಿ ಬೂಷ್ಟಿಲ್ಲದ ದಿಂಬಿಲ್ಲ. ಇನ್ನು ಬರೀ ಸುಮ್ಮನಿದ್ದು ತಪ್ಪಿಸಿಕೊಳ್ಳುವಂತಿರಲಿಲ್ಲ. ಚೀಲ ಕೈಗೆ ತೆಗೆದುಕೊಂಡು ಲ್ಯಾಬಿಗೆ ಕೊಟ್ಟರೆ ಮುದ್ರೆ ಹಾಕಿದ ಕಾಗದದಲ್ಲಿ ಈ ತಾಯಿಯನ್ನು ಕೊಲೆಗಾರ್ತಿ ಎಂದು ಬರೆಸಿಕೊಟ್ಟಂತೆ. ಸತ್ಯ ಹೇಳಿದರೆ ಬಜರು ನಿಲ್ಲಿಸೆಂದು ಬೇಡಿದವಳು ತಾನೇ ಎಂಬುದು ಅವಳಿಗೆ ನೆನಪಾಗುತ್ತದೆ. ಹಾಗೆ ನೆನಪಾಗದಿರಲಿ ಎಂದು ತಾನೇ ಇಷ್ಟು ದಿನ ಸುಮ್ಮನಿದ್ದದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ಸುಳ್ಳು. ಇನ್ನರ್ಧ ನನ್ನ ಚರ್ಮ ಉಳಿಸಿಕೊಳ್ಳುವ ಆಸೆ.

“ದಿಂಬಿನಿಂದ ಅಲ್ಲಮ್ಮ,” ಎಂದೆ. “ನನ್ನಿಂದ.”

ಎಲ್ಲ ಹೇಳಿದೆ. ತಂತಿ, ಟೇಪು, ನೆಗಡಿ, ಫೋನಿನಲ್ಲಿ ನುಂಗಿದ ಮಾತು, ಬದಲಿಯವನು ಬರೆದ ಸಾಲು, ಒಳಕ್ಕೆ ಹೋದ ಕಾಗದ, ಯಾರೂ ನೋಡದಂತೆ ಮತ್ತೆ ಸೇರಿಸಿದ ತಂತಿ. ಎಂಟು ಫ್ಯಾನುಗಳ ಸದ್ದಿನಲ್ಲಿ ಕೂಗಿ ಕೂಗಿ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳಬಾರದು.

ಅವಳ ಕಣ್ಣು ತಿರುಗುವ ಬೆಲ್ಟಿನ ಮೇಲಿತ್ತು.

“ಸುಮ್ಮನಿರ್ಸಿ ಅಂತ ಕೇಳಿದ್ದು ನಾನು.”

“ನೀವು ಕೇಳಿದ್ರಿ. ಮಗು ಅಳ್ತಿದ್ರೆ ಯಾವ ತಾಯಿಯಾದ್ರೂ ಕೇಳ್ತಾಳೆ. ಆಗಲ್ಲ ಅನ್ನೋದು ನನ್ನ ಕೆಲಸ. ನಾನು ಅನ್ಲಿಲ್ಲ.”

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದರೆ ಸಾಕು ಅನ್ನಿಸಿತ್ತು. ಅವಳು ಗೋಡೆ ಹಿಡಿದು ನೆಲದ ಮೇಲೆ ಕೂತಳು.

“ನಿಮ್ಗೊಂದು ಗೊತ್ತಿಲ್ಲ,” ಎಂದಳು. “ಕೊನೇ ವಾರ ಅವಳು ನನ್ನ ಹತ್ರ ಏನಂದ್ಲು ಗೊತ್ತಾ? ಅಮ್ಮಾ, ಗಾಳಿ ಮಾಮ ವಾಪಸ್ ಬಂದ ದಿನ ನಾನು ಸರಿಯಾಗಿ ಊದ್ಲಿಲ್ಲ. ಅದಕ್ಕೇ ಗಾಳಿ ಕೆಟ್ಟೋಯ್ತು, ಅದಕ್ಕೇ ಕೋಣೆ ಬದಲಾಯಿಸಿದ್ರು. ಬಾಯಿ ಉರೀತಿತ್ತು ಅಮ್ಮಾ, ಅದಕ್ಕೆ ಮೆತ್ತಗೆ ಊದ್ದೆ, ತಪ್ಪಾಯ್ತು ಅಂತ ಮಾಮಂಗೆ ಹೇಳು ಅಂದ್ಲು. ನಾನು ಹೇಳೋಕೆ ಮರ್ತೆ.”

ನಾನು ಬೆಲ್ಟಿನ ಪೆಟ್ಟಿಗೆ ಹಿಡಿದು ನಿಂತೆ. ಹಿಡಿಯದಿದ್ದರೆ ಬೀಳುತ್ತಿದ್ದೆ. ಈ ಸಲ ನಗುವವರು ಯಾರೂ ಇರಲಿಲ್ಲ. ಅಂದು ಬೆಳಿಗ್ಗೆ ಹಾರಲಿಲ್ಲ ಅಲ್ವಾ ಎಂದು ಅವಳು ಕೇಳಿದಾಗ, ಅದು ನಿನ್ನ ಉಸಿರಲ್ಲ ಮಗಳೇ, ನನ್ನ ಫ್ಯಾನು ಎಂದು ಹೇಳಿ ಓಡಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು.

“ಅತ್ತೆ ಮುಂದೆ ಹೇಳ್ತೀರಾ?” ಎಂದಳು.

“ಹೇಳ್ತೀನಿ. ಅಲ್ಲಿಂದ ಎಂಜಿನಿಯರ್ ಹತ್ರ ಹೋಗಿ ಬರೆದೂ ಕೊಡ್ತೀನಿ.”

ನಾನು ಹೊರಟೆ. ಮೆಟ್ಟಿಲ ಹತ್ತಿರ ತಿರುಗಿ ನೋಡಿದರೆ ಅವಳು ಎದ್ದಿರಲಿಲ್ಲ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಗಂಟು ಬಿಚ್ಚುತ್ತಿದ್ದಳು. ಮೊದಲನೆಯದು ಬಿಚ್ಚಿತು, ಎರಡನೆಯದೂ ಬಿಚ್ಚಿತು. ಮೂರನೆಯದು ಉಗುರಿಗೆ ಸಿಗದೆ ಹಲ್ಲಿನಿಂದ ಕಿತ್ತಳು. ದಿಂಬನ್ನು ಹೊರತೆಗೆದು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು, ಎದೆ ತುಂಬ ಉಸಿರೆಳೆದಳು.

ನಾನು ಕೆಳಗೆ, ಅಂಗಳದಲ್ಲಿ ಕಾಯುತ್ತಿದ್ದ ಅಜ್ಜಿಯ ಹತ್ತಿರ ಹೋದೆ.